ಸಫೋಕ್ ಬೀದಿಯ ಬಾಲವೀರರು

ಬ್ರೂಕ್ಲಿನ್ ಕಡೆಯಿಂದ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ರೈಲಿನಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ನಿಗೆ ಬರುವ ಪ್ರವಾಸಿಗೆ ಈಸ್ಟ್ ನದಿಯ ದರ್ಶನ ಕೆಲವೇ ನಿಮಿಷಗಳ ಭಾಗ್ಯ. 1903ರಲ್ಲಿ ಸಂಚಾರಕ್ಕೆ ತೆರೆದ ಆ ಉಕ್ಕಿನ ಸೇತುವೆ ಮುಗಿದೊಡನೆ ರೈಲು ನೆಲದೊಳಕ್ಕೆ ನುಗ್ಗಿ ಎಸೆಕ್ಸ್ ಬೀದಿಯ ನಿಲ್ದಾಣದಲ್ಲಿ ನಿಲ್ಲುತ್ತದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಅಗಲವಾದ ಡಿಲ್ಯಾನ್ಸಿ ರಸ್ತೆ. ಅದನ್ನು ಅಡ್ಡಹಾಯುವ ಕಿರುಬೀದಿಗಳು ಒಂದರ ಪಕ್ಕಕ್ಕೊಂದು - ಆರ್ಚರ್ಡ್, ಲಡ್ಲೊ, ಎಸೆಕ್ಸ್, ನಾರ್ಫೋಕ್, ಸಫೋಕ್. ಇದು ಲೋಯರ್ ಈಸ್ಟ್ ಸೈಡ್.

ಸ್ವಾತಂತ್ರ್ಯ ದೇವತೆಯ ಪ್ರತಿಮೆಯನ್ನೂ ಎಂಪೈರ್ ಸ್ಟೇಟ್ ಕಟ್ಟಡವನ್ನೂ ಕಂಡು ಊರಿಗೆ ಕಾಗದ ಬರೆಯುವ ಪ್ರವಾಸಿಗಳಲ್ಲಿ ಎಷ್ಟೋ ಮಂದಿ ಈ ಕಡೆ ಸುಳಿಯುವುದೇ ಇಲ್ಲ. ಸುಳಿದವರೂ 1888ರಿಂದ ನಡೆದುಬಂದಿರುವ ಕಾಟ್ಜ್ ಉಪಾಹಾರಗೃಹದಲ್ಲಿ ಹೊಟ್ಟೆ ತುಂಬಿಸಿಕೊಂಡು ಹಿಂದಿರುಗುತ್ತಾರೆ. ಆದರೆ ಜಗತ್ತಿನ ಮಕ್ಕಳು ಕಣ್ಣರಳಿಸಿ ನೋಡಿದ ಸಾಹಸ ಚಿತ್ರಕಥೆಗಳ ವಂಶವೃಕ್ಷವನ್ನು ಹುಡುಕುತ್ತ ಹೋದವನಿಗೆ ಅದರ ಒಂದು ಮುಖ್ಯವಾದ ಬೇರು ದೊರೆಯುವುದು ಇಲ್ಲಿಯೇ, ನಾರ್ಫೋಕ್ ಮತ್ತು ಸಫೋಕ್ ಬೀದಿಗಳ ನಡುವಣ ಗಲಾಟೆಯಲ್ಲಿ.

ವಠಾರದ ಬದುಕು

ಆರ್ಚರ್ಡ್ ಬೀದಿಯ 97ನೆಯ ಸಂಖ್ಯೆಯ ಮನೆಯನ್ನು ಮೊದಲು ನೋಡಬೇಕು. 1863ರಲ್ಲಿ ಕಟ್ಟಿದ ಐದಂತಸ್ತಿನ ಇಟ್ಟಿಗೆಯ ವಠಾರವಿದು. 1988ರಲ್ಲಿ ಸ್ಥಾಪನೆಯಾದ ವಠಾರ ವಸ್ತುಸಂಗ್ರಹಾಲಯವು ಇದನ್ನು ಹಿಂದಿನ ಸ್ಥಿತಿಯಲ್ಲಿಯೇ ಕಾಪಾಡಿಕೊಂಡು ಬಂದಿದೆ. ಒಂದೊಂದು ಬಿಡಾರಕ್ಕೂ ಮೂರು ಕೋಣೆಗಳು. ಮೂರೂ ಸೇರಿ ಸುಮಾರು 325 ಚದರ ಅಡಿ. ಬೆಳಕು ನೇರವಾಗಿ ಬೀಳುವುದು ಅವುಗಳಲ್ಲಿ ಒಂದಕ್ಕೆ ಮಾತ್ರ. ಅಪ್ಪ, ಅಮ್ಮ, ನಾಲ್ಕಾರು ಮಕ್ಕಳು, ಬಾಡಿಗೆಗೆ ನೆರವಾಗಲೆಂದು ಇರಿಸಿಕೊಂಡ ಒಬ್ಬ ಪರಸ್ಥಳದವನು, ಕೆಲವೊಮ್ಮೆ ಹೊಲಿಗೆಯಂತ್ರ - ಇವೆಲ್ಲಕ್ಕೂ ಅಷ್ಟರಲ್ಲಿಯೇ ಎಡೆಯಾಗಬೇಕು. 1935ರವರೆಗಿನ ಎಪ್ಪತ್ತೆರಡು ವರ್ಷಗಳಲ್ಲಿ ಈ ಒಂದು ಮನೆಯಲ್ಲಿ ಸುಮಾರು ಏಳು ಸಾವಿರ ಜನ ಬಾಳಿ ಹೋದರು. ಜರ್ಮನರು, ಐರಿಷರು, ಇಟಲಿಯವರು, ಪೂರ್ವ ಯೂರೋಪಿನ ಯೆಹೂದ್ಯರು - ಹಡಗಿನಿಂದಿಳಿದವರಿಗೆಲ್ಲ ಮೊದಲ ಆಸರೆ ಇಂತಹ ವಠಾರವೇ.

1890ರಲ್ಲಿ ಪತ್ರಿಕಾಕರ್ತ ಜೇಕಬ್ ರೀಸ್ ಈ ಕೇರಿಗಳ ಚಿತ್ರಗಳನ್ನೂ ವೃತ್ತಾಂತವನ್ನೂ ಪುಸ್ತಕವಾಗಿ ಹೊರತಂದಾಗ ಊರಿನ ಸಿರಿವಂತರು ಬೆಚ್ಚಿದರು. 1901ರಲ್ಲಿ ಹೊಸ ವಠಾರ ಕಾನೂನು ಬಂದಿತು. ಕಿಟಕಿ, ಗಾಳಿ, ಶೌಚಗೃಹಗಳ ಬಗೆಗೆ ಕಟ್ಟುಪಾಡುಗಳಾದವು. ಆದರೆ ಮನೆಯೊಳಗೆ ಕಾಲು ಚಾಚಲು ಸ್ಥಳವಿಲ್ಲದ ಹುಡುಗನಿಗೆ ಯಾವ ಕಾನೂನೂ ಅಂಗಳವನ್ನು ಕಟ್ಟಿಕೊಡಲಿಲ್ಲ. ಅವನಿಗೆ ಬೀದಿಯೇ ಅಂಗಳ, ಮಾಳಿಗೆಯೇ ಮೈದಾನ, ಬೆಂಕಿ ಬಿದ್ದಾಗ ಇಳಿದೋಡಲೆಂದು ಮನೆಗಳ ಮುಂಗಡೆ ತೂಗುಹಾಕಿದ ಕಬ್ಬಿಣದ ಮೆಟ್ಟಿಲೇ ಮಲಗುವ ಕೋಣೆ. ನಗರಾಡಳಿತವು ಮಕ್ಕಳಿಗಾಗಿ ಸೂವರ್ಡ್ ಉದ್ಯಾನದ ಆಟದ ಬಯಲನ್ನು ತೆರೆದದ್ದು 1903ರಲ್ಲಿ. ಅಮೆರಿಕದಲ್ಲಿ ನಗರಸಭೆಯೊಂದು ಶಾಶ್ವತವಾಗಿ ಕಟ್ಟಿಸಿದ ಆಟದ ಬಯಲುಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧ. ಲಕ್ಷಗಟ್ಟಲೆ ಜನ ನೆಲೆಸಿದ್ದ ಪೇಟೆಗೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಪತ್ರಿಕೆ ಮಾರುವ ಹುಡುಗರ ಹಠ

ಬೀದಿಗೆ ಬಂದ ಹುಡುಗನಿಗೆ ಅಂದು ಎರಡು ದಾರಿಗಳಿದ್ದವು: ದುಡಿಮೆ, ಇಲ್ಲವೆ ಪುಂಡಾಟ. ಬಹುಮಟ್ಟಿಗೆ ಎರಡೂ ಒಂದೇ ಮೂಲೆಯಲ್ಲಿ ಕೂಡುತ್ತಿದ್ದವು. ಪತ್ರಿಕೆ ಮಾರುವ ಹುಡುಗರ ಕಥೆ ಇದಕ್ಕೆ ಸಾಕ್ಷಿ.

1898ರ ಸ್ಪೇನ್ ಯುದ್ಧದ ಕಾಲದಲ್ಲಿ ಸುದ್ದಿಗೆ ಬೇಡಿಕೆ ಏರಿದಾಗ ಪ್ರಕಾಶಕರು ಹುಡುಗರಿಗೆ ಮಾರುತ್ತಿದ್ದ ನೂರು ಪ್ರತಿಗಳ ಬೆಲೆಯನ್ನು 50 ಸೆಂಟಿನಿಂದ 60 ಸೆಂಟಿಗೆ ಏರಿಸಿದರು. ಯುದ್ಧ ಮುಗಿದ ಮೇಲೆ ಉಳಿದವರು ಬೆಲೆ ಇಳಿಸಿದರೂ ಪುಲಿಟ್ಜರ್ ಮತ್ತು ಹರ್ಸ್ಟ್ ಎಂಬ ಇಬ್ಬರು ಪತ್ರಿಕಾ ದೊರೆಗಳು ಜಗ್ಗಲಿಲ್ಲ. ಒಂದು ಸೆಂಟಿಗೆ ಒಂದು ಪತ್ರಿಕೆ ಮಾರಿ, ನೂರಕ್ಕೆ ನಲವತ್ತು ಸೆಂಟು ಉಳಿಸುವ ಹುಡುಗನಿಗೆ ಮಾರಾಟವಾಗದೆ ಉಳಿದ ಪ್ರತಿಗಳೆಲ್ಲ ನಷ್ಟದ ಲೆಕ್ಕಕ್ಕೆ. 1899ರ ಜುಲೈಯಲ್ಲಿ ಹುಡುಗರು ಮುಷ್ಕರ ಹೂಡಿದರು. ಈ ಪೇಟೆಯ ಬ್ರೂಮ್ ಬೀದಿಯ ನ್ಯೂ ಅರ್ವಿಂಗ್ ಸಭಾಂಗಣದಲ್ಲಿ ನಡೆದ ಅವರ ಸಭೆಗೆ ಐದು ಸಾವಿರ ಮಂದಿ ನೆರೆದಿದ್ದರೆಂದು ಅಂದಿನ ವರದಿ. ಎರಡು ವಾರ ಕಳೆದು ರಾಜಿಯಾಯಿತು. ಬೆಲೆ ಇಳಿಯಲಿಲ್ಲ, ಆದರೆ ಮಾರದೆ ಉಳಿದ ಪ್ರತಿಗಳನ್ನು ಪ್ರಕಾಶಕರು ಹಿಂದಕ್ಕೆ ಕೊಳ್ಳಲು ಒಪ್ಪಿದರು. ಮೀಸೆ ಮೂಡದ ಬಾಲಕರು ದೇಶದ ಅತ್ಯಂತ ಬಲಶಾಲಿ ಪತ್ರಿಕೆಗಳೊಡನೆ ಸೆಣಸಿ ಇಷ್ಟನ್ನಾದರೂ ಗಿಟ್ಟಿಸಿದರೆಂಬ ಮಾತು ಈ ಬೀದಿಗಳಲ್ಲಿ ಬಹುಕಾಲ ಉಳಿಯಿತು.

ಎರಡನೆಯ ದಾರಿಗೂ ಗುರುಗಳ ಕೊರತೆಯಿರಲಿಲ್ಲ. 1903ರ ಸೆಪ್ಟೆಂಬರಿನಲ್ಲಿ ಇಲ್ಲಿಯ ರಿವಿಂಗ್ಟನ್ ಬೀದಿಯಲ್ಲಿ, ಮೇಲುರೈಲಿನ ಕಂಬಗಳ ಮರೆಯಲ್ಲಿ ನಿಂತು, ಮಂಕ್ ಈಸ್ಟ್‌ಮನ್ನನ ತಂಡ ಮತ್ತು ಫೈವ್ ಪಾಯಿಂಟ್ಸ್ ತಂಡಗಳು ಗುಂಡು ಹಾರಿಸಿ ಕಾದಾಡಿದುವು. ಮುಂದೆ ಪಾತಕಲೋಕದ ದೊರೆಗಳಾಗಿ ಕುಖ್ಯಾತರಾದ ಮೇಯರ್ ಲ್ಯಾನ್ಸ್ಕಿ, ಲಕ್ಕಿ ಲೂಚಾನೊ ಇಬ್ಬರೂ ವಲಸೆ ಬಂದು ಬೆಳೆದದ್ದು ಇದೇ ಪೇಟೆಯಲ್ಲಿ. 1920ರಲ್ಲಿ ಪಾನನಿರೋಧ ಜಾರಿಗೆ ಬಂದ ಮೇಲೆ ಕಳ್ಳಭಟ್ಟಿಯ ಹಣ ಹರಿಯಿತು. ಹರಿದ ಬೂಟಿನ ಹುಡುಗ ಬೀದಿಯ ಕೊನೆಯಲ್ಲಿ ರೇಷ್ಮೆಯ ಅಂಗಿ ತೊಟ್ಟು ಮೋಟಾರಿನಿಂದ ಇಳಿಯುವವನನ್ನು ಕಂಡ. ಅವನ ಕಣ್ಣಿಗೆ ಯಶಸ್ಸಿನ ರೂಪ ಅದೇ ಆಗಿದ್ದರೆ ಆಶ್ಚರ್ಯವೇನು?

ಬಾಗಿಲ ಮುಂದೆ ಮಲಗಿಸಿದ ಮಗ

1917ರ ಆಗಸ್ಟ್ 28ರಂದು ಎಸೆಕ್ಸ್ ಬೀದಿಯ 147ನೆಯ ಮನೆಯಲ್ಲಿ ಜೇಕಬ್ ಕರ್ಟ್ಸ್‌ಬರ್ಗ್ ಎಂಬ ಮಗು ಹುಟ್ಟಿತು. ತಂದೆ ಬೆಂಜಮಿನ್, ತಾಯಿ ರೋಸ್. ಆಸ್ಟ್ರಿಯ ಸಾಮ್ರಾಜ್ಯದಿಂದ ವಲಸೆ ಬಂದ ಯೆಹೂದ್ಯರು. ತಂದೆಗೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಕೆಲಕಾಲದಲ್ಲಿ ಸಂಸಾರ ಸಫೋಕ್ ಬೀದಿಗೆ ಸಾಗಿತು. ಮೈಕಟ್ಟಿನಲ್ಲಿ ಗಿಡ್ಡನಾದರೂ ಕೆಚ್ಚಿನಲ್ಲಿ ಕಡಮೆಯಿಲ್ಲದ ಜೇಕಬ್ ಸಫೋಕ್ ಬೀದಿಯ ತಂಡಕ್ಕೆ ಸೇರಿದ. ಸೇರಿದ ಎನ್ನುವುದಕ್ಕಿಂತ ಸೇರದಿರಲು ಸಾಧ್ಯವಿರಲಿಲ್ಲವೆನ್ನುವುದು ಸರಿ. ಆ ಬೀದಿಯಲ್ಲಿ ಹುಟ್ಟಿದವನು ಆ ಬೀದಿಯ ಸೈನಿಕ. ಪಕ್ಕದ ನಾರ್ಫೋಕ್ ಬೀದಿಯವನು ಶತ್ರು. ಎರಡಕ್ಕೂ ನಡುವೆ ಇದ್ದ ದೂರ ಒಂದೇ ಸಾಲು ಮನೆ.

ಕಲ್ಲು, ಬಾಟಲಿ, ಬಡಿಗೆ, ಮುಷ್ಟಿ - ಇವೇ ಆಯುಧಗಳು. ಕಾಳಗ ಬೀದಿಯಲ್ಲಿ ಆರಂಭವಾಗಿ ಕಬ್ಬಿಣದ ಮೆಟ್ಟಿಲುಗಳ ಮೇಲೆ ಹತ್ತಿ ಮಾಳಿಗೆಗಳ ಮೇಲೆ ಹಬ್ಬುತ್ತಿತ್ತು. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರುವ, ಒಬ್ಬನೇ ನಾಲ್ವರೊಡನೆ ಕಾದುವ, ಹೊಡೆತಕ್ಕೆ ದೇಹ ಬಿಲ್ಲಿನಂತೆ ಬಾಗುವ ಚಿತ್ರಗಳು ಮುಂದೆ ಸಾವಿರಾರು ಪುಟಗಳಲ್ಲಿ ಕಾಣಿಸಿಕೊಂಡವಷ್ಟೆ; ಆ ಚಿತ್ರಕಾರನು ಅವನ್ನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ.

ತನ್ನ ಮುಪ್ಪಿನಲ್ಲಿ ಆತ ಹೇಳಿಕೊಂಡ ಒಂದು ಪ್ರಸಂಗವಿದೆ. ಒಮ್ಮೆ ಜಗಳದಲ್ಲಿ ಪೆಟ್ಟು ತಿಂದು ಪ್ರಜ್ಞೆ ತಪ್ಪಿದ. ಗೆಳೆಯರು ಅವನನ್ನು ಹೊತ್ತು ತಂದು ತಾಯಿಯ ಬಾಗಿಲ ಮುಂದೆ ಮಲಗಿಸಿದರು. ಮಲಗಿಸಿ ಸುಮ್ಮನೆ ಹೋಗಲಿಲ್ಲ. ಬಾಗಿಲು ತೆರೆದ ತಾಯಿಗೆ ನೋಡಿ ಗಾಬರಿಯಾಗಬಾರದೆಂದು ಅವನ ಬಟ್ಟೆಗಳ ಸುಕ್ಕನ್ನು ತಿದ್ದಿ ಸರಿಪಡಿಸಿ ಹೋದರು. ಪುಂಡಾಟಿಕೆಯ ನಡುವೆಯೂ ಈ ಹುಡುಗರ ಮನಸ್ಸಿನಲ್ಲಿ ಬದುಕಿದ್ದ ಮರ್ಯಾದೆಯನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಕಥೆ ಮತ್ತೊಂದಿರಲಾರದು.

ಆ ಬೀದಿಯಿಂದ ಜೇಕಬ್ ಹೊರಬಂದದ್ದು ಹೇಗೆ? ಮಳೆನೀರು ಹರಿಯುವ ಚರಂಡಿಯಲ್ಲಿ ತೇಲಿಬಂದ ಒಂದು ಕಥಾಪತ್ರಿಕೆಯ ಮುಖಪುಟದಲ್ಲಿ ಆಕಾಶನೌಕೆಯ ಚಿತ್ರವನ್ನು ಕಂಡು ಎತ್ತಿಕೊಂಡೆನೆಂದು ಆತ ನೆನೆಯುತ್ತಿದ್ದ. ಓದುವ ಹುಡುಗನೆಂದರೆ ತಂಡದವರ ನಗೆಗೆ ಗುರಿಯಾಗಬೇಕು. ಆದುದರಿಂದ ಅದನ್ನು ಅಡಗಿಸಿಟ್ಟುಕೊಂಡೇ ಓದಿದ. ಇನ್ನೊಂದು ಆಸರೆ, 1932ರಲ್ಲಿ ಹ್ಯಾರಿ ಸ್ಲೊನೇಕರ್ ಎಂಬಾತನು ಈಸ್ಟ್ ಥರ್ಡ್ ಬೀದಿಯಲ್ಲಿ ಆರಂಭಿಸಿದ ಹುಡುಗರ ಗಣರಾಜ್ಯ. ಬಾಯ್ಸ್ ಬ್ರದರ್‌ಹುಡ್ ರಿಪಬ್ಲಿಕ್ ಎಂಬ ಈ ಸಂಘದಲ್ಲಿ ಹಿರಿಯರ ಅಪ್ಪಣೆಗೆ ಎಡೆ ಕಡಮೆ. ಹುಡುಗರೇ ಮೇಯರನ್ನು ಚುನಾಯಿಸುವರು. ಹುಡುಗರದೇ ಸಭೆ, ಹುಡುಗರದೇ ನ್ಯಾಯಾಲಯ. ತಪ್ಪು ಮಾಡಿದವನನ್ನು ವಿಚಾರಿಸುವವರೂ ಅವನ ಓರಗೆಯವರೇ. ಮುಷ್ಟಿಯಿಂದ ತೀರ್ಮಾನವಾಗುತ್ತಿದ್ದ ಜಗಳ ಅಲ್ಲಿ ಮಾತಿನಿಂದ ತೀರ್ಮಾನವಾಗಬೇಕಾಗಿತ್ತು. ಆ ಸಂಘದ ಕಿರುಪತ್ರಿಕೆಗೆ ಜೇಕಬ್ ವ್ಯಂಗ್ಯಚಿತ್ರಗಳನ್ನು ಬರೆದ. ಹೀಗೆ ಅವನ ಕೈಯಲ್ಲಿದ್ದ ಕಲ್ಲು ಜಾರಿ ಪೆನ್ಸಿಲು ಬಂದಿತು.

ಕಾಗದದ ಮೇಲಿನ ಕೊಳೆಗೇರಿ

ಮುಂದೆ ಅವನು ಹೆಸರನ್ನು ಜ್ಯಾಕ್ ಕರ್ಬಿ ಎಂದು ಬದಲಾಯಿಸಿಕೊಂಡ. ಗೆಳೆಯ ಜೋ ಸೈಮನ್‌ನೊಡನೆ ಸೇರಿ ಕ್ಯಾಪ್ಟನ್ ಅಮೆರಿಕ ಎಂಬ ವೀರನನ್ನು ಸೃಷ್ಟಿಸಿದ. ಅದರ ಮೊದಲ ಸಂಚಿಕೆಯ ಮೇಲಿದ್ದ ತಿಂಗಳು 1941ರ ಮಾರ್ಚ್. ಮರುವರ್ಷ ಇಬ್ಬರೂ ಬೇರೊಂದು ಪ್ರಕಾಶನಕ್ಕೆ ಬಂದು, 1942ರ ಏಪ್ರಿಲ್ ತಿಂಗಳ ಸ್ಟಾರ್ ಸ್ಪ್ಯಾಂಗಲ್ಡ್ ಕಾಮಿಕ್ಸ್‌ನ 7ನೆಯ ಸಂಚಿಕೆಯಲ್ಲಿ ನ್ಯೂಸ್‌ಬಾಯ್ ಲೀಜನ್ ಎಂಬ ಮಾಲೆಯನ್ನು ಆರಂಭಿಸಿದರು. ಹತ್ತು ಸೆಂಟಿಗೆ ಸಿಗುತ್ತಿದ್ದ ಆ ಅಗ್ಗದ ಕಾಗದದ ಪುಸ್ತಕದಲ್ಲಿ ಸಫೋಕ್ ಬೀದಿಗೆ ಹೊಸ ಹೆಸರು ಬಂದಿತು - ಸೂಯಿಸೈಡ್ ಸ್ಲಮ್, ಎಂದರೆ ಆತ್ಮಹತ್ಯೆಯ ಕೊಳೆಗೇರಿ.

ಕಥಾನಾಯಕರು ನಾಲ್ವರು ಅನಾಥ ಹುಡುಗರು, ಪತ್ರಿಕೆ ಮಾರಿ ಹೊಟ್ಟೆ ಹೊರೆಯುವವರು. ಮುಂದಾಳು ಟಾಮಿ, ಕನ್ನಡಕ ಧರಿಸಿ ನಾಲಗೆ ತಿರುಗದ ದೊಡ್ಡ ಶಬ್ದಗಳನ್ನೇ ಆಡುವ ಬಿಗ್ ವರ್ಡ್ಸ್, ಬಾಯಿ ಮುಚ್ಚದ ಗ್ಯಾಬಿ, ಮಾತಿಗಿಂತ ಮುಂಚೆ ಮುಷ್ಟಿ ಎತ್ತುವ ಸ್ಕ್ರ್ಯಾಪರ್. ಪ್ರತಿಯೊಂದು ವಠಾರದಲ್ಲಿಯೂ ಇಂತಹ ನಾಲ್ವರು ಇದ್ದೇ ಇರುತ್ತಾರೆ.

ಅದೇ ಕೇರಿಯಲ್ಲಿ ಪಹರೆಗೆ ಬಂದ ಹೊಸ ಪೋಲೀಸಿನವನು ಜಿಮ್ ಹಾರ್ಪರ್. ಒಂದು ರಾತ್ರಿ ಪುಂಡರು ಅವನನ್ನು ಹಿಡಿದು ಬಡಿಯುತ್ತಾರೆ. ಸಮವಸ್ತ್ರಕ್ಕೆ ಅಂಜದವರಿಗೆ ಬೇರೆ ಪಾಠ ಬೇಕೆಂದು ಅವನು ವೇಷಭೂಷಣದ ಅಂಗಡಿಯಿಂದ ನೀಲಿ ಉಡುಪು, ಬಂಗಾರದ ಬಣ್ಣದ ಶಿರಸ್ತ್ರಾಣ, ಪೋಲೀಸ್ ಬಿಲ್ಲೆಯ ಆಕಾರದ ಗುರಾಣಿ ಧರಿಸಿ ಹೊರಡುತ್ತಾನೆ. ಗಾರ್ಡಿಯನ್ ಎಂಬ ಹೆಸರಿನ ಈ ವೀರನಿಗೆ ಹಾರುವ ಶಕ್ತಿಯಿಲ್ಲ, ಮಂತ್ರವಿಲ್ಲ. ಎರಡು ತೋಳುಗಳೇ ಅವನ ಬಂಡವಾಳ.

ಆದರೆ ಕಥೆಯ ಜೀವಾಳ ಇರುವುದು ಗುರಾಣಿಯಲ್ಲಿ ಅಲ್ಲ, ನ್ಯಾಯಾಲಯದ ದೃಶ್ಯದಲ್ಲಿ. ಕಳ್ಳತನ ಮಾಡಿ ಸಿಕ್ಕಿಬಿದ್ದ ನಾಲ್ವರು ಹುಡುಗರನ್ನು ನ್ಯಾಯಾಧೀಶರು ಬಾಲಾಪರಾಧಿಗಳ ಶಾಲೆಗೆ ಅಟ್ಟಬೇಕೆಂದಿರುವಾಗ ಹಾರ್ಪರ್ ಎದ್ದು ನಿಲ್ಲುತ್ತಾನೆ. ಇವರು ಕೆಟ್ಟವರಲ್ಲ, ಕೆಟ್ಟ ಸ್ಥಳದಲ್ಲಿ ಬೆಳೆದವರು ಎಂಬುದು ಅವನ ವಾದದ ತಿರುಳು. ತಾನೇ ಅವರ ಪೋಷಕನಾಗಿ ನಿಲ್ಲುವೆನೆಂದು ಒಪ್ಪಿಕೊಂಡು ಅವರನ್ನು ಬಿಡಿಸಿ ತರುತ್ತಾನೆ. ಅಂದಿನಿಂದ ಕಳ್ಳಮಾಲಿನ ವ್ಯಾಪಾರಿಗಳು, ಮೋಸಗಾರರು, ಬಡವರ ಸುಲಿಗೆಗೆ ನಿಂತ ದಗಾಕೋರರು - ಇವರೆಲ್ಲರನ್ನೂ ಮೊದಲು ಎದುರಿಸುವವರು ಹುಡುಗರೇ. ಹೊಡೆತ ತಿನ್ನುವವರೂ ಅವರೇ. ಅಪಾಯ ಮೀರಿದಾಗ ಮಾತ್ರ ಗಾರ್ಡಿಯನ್ನನ ಆಗಮನ. ಪೋಲೀಸ್ ಪೇದೆಯೂ ಗಾರ್ಡಿಯನ್ನನೂ ಒಬ್ಬನೇ ಎಂದು ಹುಡುಗರಿಗೆ ಸದಾ ಅನುಮಾನ. ರುಜುವಾತು ಮಾತ್ರ ಸಿಗದು. ಸಂಚಿಕೆಯಿಂದ ಸಂಚಿಕೆಗೆ ಓದುಗರನ್ನು ನಗಿಸಿದ್ದು ಈ ಕಣ್ಣುಮುಚ್ಚಾಲೆ.

1937ರ ಡೆಡ್ ಎಂಡ್ ಮೊದಲಾದ ಚಲನಚಿತ್ರಗಳಲ್ಲಿ ಕೊಳೆಗೇರಿಯ ಹುಡುಗರನ್ನು ಜನ ಆಗಲೇ ಕಂಡಿದ್ದರು. ಆದರೆ ಕರ್ಬಿಯ ಪುಟಗಳಲ್ಲಿ ತೂಗುವ ಒಗೆದ ಬಟ್ಟೆ, ಬಿರುಕು ಬಿಟ್ಟ ಬೇಲಿ, ಮೆಟ್ಟಿಲ ಮೇಲೆ ಕುಳಿತ ಮುದುಕರು, ಇವೆಲ್ಲ ಕಂಡವನ ಕೈಯಿಂದ ಬಂದವು. ಅವನು 1943ರಲ್ಲಿ ಸೈನ್ಯಕ್ಕೆ ಸೇರಿದ. 1944ರ ಆಗಸ್ಟಿನಲ್ಲಿ ನಾರ್ಮಂಡಿಯ ತೀರದಲ್ಲಿಳಿದು, ಚಳಿಗಾಲದ ಯುದ್ಧದಲ್ಲಿ ಕಾಲುಗಳು ಹೆಪ್ಪುಗಟ್ಟಿ ಅವನ್ನು ಕತ್ತರಿಸುವ ಸ್ಥಿತಿಯ ಹತ್ತಿರಕ್ಕೆ ಹೋಗಿ ಹಿಂದಿರುಗಿದ. ಹುಡುಗರ ಮಾಲೆ 1947ರ ಆರಂಭದಲ್ಲಿ ನಿಂತಿತು.

ಆಪಾದನೆಯ ಕಟಕಟೆ

ಸಫೋಕ್ ಬೀದಿಯಿಂದ ನೈಋತ್ಯಕ್ಕೆ ನಡೆದೇ ಹೋಗಬಹುದಾದ ದೂರದಲ್ಲಿ ಫೋಲಿ ಚೌಕವಿದೆ. ಭಾರಿ ಕಂಬಗಳ ನ್ಯಾಯಾಲಯಗಳು ಅದರ ಸುತ್ತ ನಿಂತಿವೆ. ಬಾಲಾಪರಾಧಗಳನ್ನು ಕುರಿತ ಸೆನೆಟ್ ಉಪಸಮಿತಿ 1954ರ ಏಪ್ರಿಲ್ ಮತ್ತು ಜೂನ್ ತಿಂಗಳುಗಳಲ್ಲಿ ವಿಚಾರಣೆ ನಡೆಸಿದ್ದು ಇಲ್ಲಿ. ಕಟಕಟೆಯಲ್ಲಿ ನಿಂತದ್ದು ಯಾವ ಪುಂಡರ ತಂಡವೂ ಅಲ್ಲ, ಚಿತ್ರಕಥೆಯ ಪುಸ್ತಕಗಳು.

ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಚಿತ್ರಕಥೆಗಳೇ ಮಕ್ಕಳನ್ನು ಅಪರಾಧಕ್ಕೆ ಎಳೆಯುತ್ತವೆಂದು ಸಾಕ್ಷ್ಯ ನುಡಿದ. ರಕ್ತ ಸುರಿಯುವ ಕೊಡಲಿ, ಕತ್ತರಿಸಿದ ತಲೆಗಳ ಚಿತ್ರವಿದ್ದ ಮುಖಪುಟಗಳು ಆಗ ನಿಜವಾಗಿಯೂ ಅಂಗಡಿಗಳಲ್ಲಿ ತೂಗುತ್ತಿದ್ದುದರಿಂದ ತಾಯಿತಂದೆಗಳ ಆತಂಕವನ್ನು ಹುಸಿಯೆನ್ನಲಾಗದು. ಆದರೆ ಬಿರುಗಾಳಿ ಎದ್ದಾಗ ಜೊಳ್ಳೊಂದಿಗೆ ಕಾಳೂ ಹಾರಿತು. ಅದೇ ವರ್ಷ ಪ್ರಕಾಶಕರು ಹೆದರಿ ಕಾಮಿಕ್ಸ್ ಕೋಡ್ ಎಂಬ ಕಟ್ಟುನಿಟ್ಟಿನ ನಿಯಮಾವಳಿಯನ್ನು ತಮ್ಮ ಮೇಲೆಯೇ ಹೇರಿಕೊಂಡರು. ಹಲವು ಪ್ರಕಾಶನಗಳು ಬಾಗಿಲು ಮುಚ್ಚಿದುವು. ಸೈಮನ್ ಮತ್ತು ಕರ್ಬಿ 1954ರಲ್ಲಿಯೇ ಆರಂಭಿಸಿದ್ದ ಸ್ವಂತ ಸಂಸ್ಥೆಯೂ ಹೆಚ್ಚು ಕಾಲ ಬಾಳಲಿಲ್ಲ. ಬೀದಿಯ ಹುಡುಗನನ್ನು ಬೀದಿಯಿಂದ ಎತ್ತುವ ಕಥೆ ಹೇಳಿದ ಕೈಗಳೂ, ಹುಡುಗರನ್ನು ಬೀದಿಗೆ ತಳ್ಳಿದುವೆಂಬ ಆಪಾದನೆಯ ಬಿಸಿಯನ್ನು ಉಣ್ಣಬೇಕಾಯಿತು.

ವರ್ದಮನ ಕಾಗದಪತ್ರಗಳು ಸಂಶೋಧಕರಿಗೆ ತೆರೆದ ಮೇಲೆ, 2012ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಅವನ್ನು ಪರಿಶೀಲಿಸಿ, ಮಕ್ಕಳ ಹೇಳಿಕೆಗಳನ್ನು ಆತ ಅಲ್ಲಲ್ಲಿ ತಿದ್ದಿ, ಬೆಸೆದು, ಹಿಗ್ಗಿಸಿ ಬರೆದಿದ್ದನೆಂದು ತೋರಿಸಿದರು. ಕಾಮಿಕ್ಸ್ ಕೋಡ್ 2011ರಲ್ಲಿಯೇ ಕೊನೆಯುಸಿರೆಳೆದಿತ್ತು. ಅಷ್ಟರಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿತ್ತು.

ಬೀದಿ ಹೋಯಿತು, ಬೀದಿ ಉಳಿಯಿತು

ಕರ್ಬಿ ಈ ಬೀದಿಯನ್ನು ಬಿಟ್ಟು ದೂರದ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದರೂ ಬೀದಿ ಅವನನ್ನು ಬಿಡಲಿಲ್ಲ. 1961ರಲ್ಲಿ ಸ್ಟ್ಯಾನ್ ಲೀಯೊಡನೆ ಸೃಷ್ಟಿಸಿದ ಫೆಂಟಾಸ್ಟಿಕ್ ಫೋರ್ ಮಾಲೆಯಲ್ಲಿ ಕಲ್ಲಿನ ಮೈಯ ಬೆನ್ ಗ್ರಿಮ್ ಯಾನ್ಸಿ ಬೀದಿಯವನು. ಡಿಲ್ಯಾನ್ಸಿಯ ತಲೆ ಕತ್ತರಿಸಿದರೆ ಯಾನ್ಸಿ. ಪಾತ್ರದ ಪೂರ್ಣ ನಾಮಧೇಯ ಬೆಂಜಮಿನ್ ಜೇಕಬ್ ಗ್ರಿಮ್ - ತಂದೆಯ ಹೆಸರೂ ಮಗನ ಹೆಸರೂ ಕೂಡಿಕೊಂಡಿವೆ. 1970ರಲ್ಲಿ ಜಿಮ್ಮಿ ಓಲ್ಸನ್ ಪತ್ರಿಕೆಯಲ್ಲಿ ಹಳೆಯ ನಾಲ್ವರು ಹುಡುಗರ ಮಕ್ಕಳನ್ನು ಅದೇ ಹೆಸರಿನ ಹೊಸ ತಂಡವಾಗಿ ಕರೆತಂದ. 1983ರಲ್ಲಿ, ತನ್ನ ಅರುವತ್ತಾರನೆಯ ವಯಸ್ಸಿನ ಸುಮಾರಿನಲ್ಲಿ, ಸ್ಟ್ರೀಟ್ ಕೋಡ್ ಎಂಬ ಹತ್ತು ಪುಟಗಳ ಆತ್ಮಕಥನವನ್ನು ಬರೆದ. ಅದರಲ್ಲಿ ಮುಸುಕಿನ ವೀರನಿಲ್ಲ, ಗುರಾಣಿಯಿಲ್ಲ. ವಠಾರ, ತಾಯಿ, ಬೀದಿ, ಹೊಡೆದಾಟ, ಇಷ್ಟೇ. ಶಾಯಿ ಹಾಕದೆ ಪೆನ್ಸಿಲಿನಲ್ಲಿಯೇ ಉಳಿದ ಆ ಪುಟಗಳು 1990ರಲ್ಲಿ ಅಚ್ಚಾದುವು. 1994ರ ಫೆಬ್ರವರಿ 6ರಂದು ಕರ್ಬಿ ತೀರಿಕೊಂಡ.

ಬೀದಿಯ ಗತಿಯೂ ಬದಲಾಯಿತು. ತಳ್ಳುಗಾಡಿಯ ವ್ಯಾಪಾರಿಗಳಿಗೆಂದು ನಗರಾಡಳಿತ 1940ರಲ್ಲಿ ಸೂರಿನ ಕೆಳಗೆ ಎಸೆಕ್ಸ್ ಮಾರುಕಟ್ಟೆ ಕಟ್ಟಿಸಿತು. ಎರಡನೆಯ ಮಹಾಯುದ್ಧದ ತರುವಾಯ ಪೋರ್ಟೊರಿಕೊದವರೂ ಅನಂತರ ಚೀನೀಯರೂ ಹೆಚ್ಚು ಸಂಖ್ಯೆಯಲ್ಲಿ ಬಂದು ನೆಲೆಸಿದರು. 1967ರಲ್ಲಿ ನಗರಸುಧಾರಣೆಯ ಹೆಸರಿನಲ್ಲಿ ಡಿಲ್ಯಾನ್ಸಿಯ ದಕ್ಷಿಣಕ್ಕಿದ್ದ ಹಳೆಯ ವಠಾರಗಳ ಸಾಲುಗಳನ್ನು ಕೆಡವಲಾಯಿತು. ಸುಮಾರು 1,800 ಬಡ ಸಂಸಾರಗಳು ಬೀದಿಗೆ ಬಿದ್ದವು. ಹೊಸ ಮನೆಯ ಮಾತು ಮಾತಾಗಿಯೇ ಉಳಿಯಿತು. ಆ ನಿವೇಶನಗಳು ಮೋಟಾರು ನಿಲ್ಲಿಸುವ ಬಯಲಾಗಿ ಸುಮಾರು ಅರ್ಧ ಶತಮಾನ ಹಾಳುಬಿದ್ದಿದ್ದವು. ಈಚೆಗೆ ಅಲ್ಲಿ ಗಾಜಿನ ಎತ್ತರದ ಕಟ್ಟಡಗಳು ಎದ್ದಿವೆ. ಎಸೆಕ್ಸ್ ಮಾರುಕಟ್ಟೆಯೂ 2019ರಲ್ಲಿ ಅವುಗಳಲ್ಲೊಂದಕ್ಕೆ ಸಾಗಿತು. ಒಂದು ಕಾಲಕ್ಕೆ ಬಡವರು ಬಿಟ್ಟೋಡಲು ಹಾತೊರೆಯುತ್ತಿದ್ದ ಬೀದಿಗಳಲ್ಲಿ ಇಂದು ಬಾಡಿಗೆ ಕೊಟ್ಟು ಇರಲು ಬಡವರಿಗೆ ಸಾಧ್ಯವಿಲ್ಲ.

ಆದರೂ ಕೆಲವು ಹಳೆಯ ಮನೆಗಳು ಉಳಿದಿವೆ. ಸಂಜೆಯ ಹೊತ್ತು ಪೂರ್ವಕ್ಕೆ ತಿರುಗಿ ನಾರ್ಫೋಕ್ ಬೀದಿಯಿಂದ ಸಫೋಕ್ ಬೀದಿಗೆ ನಡೆದರೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಈ ಎರಡು ನಿಮಿಷದ ದಾರಿ ಒಂದು ಕಾಲಕ್ಕೆ ಎರಡು ರಾಜ್ಯಗಳ ಗಡಿಯಾಗಿತ್ತು. ಮನೆಗಳ ಮುಂಗಡೆ ಕಬ್ಬಿಣದ ಮೆಟ್ಟಿಲುಗಳು ಇನ್ನೂ ತೂಗುತ್ತಿವೆ. ಅವುಗಳ ಓರೆ ನೆರಳು ಇಟ್ಟಿಗೆಯ ಗೋಡೆಯ ಮೇಲೆ ಬಿದ್ದಾಗ ಚಿತ್ರಕಥೆಯ ಚೌಕಗಳ ಗೆರೆಗಳಂತೆಯೇ ಕಾಣುತ್ತವೆ. ಕೆಳಗೆ ಮುಚ್ಚಿದ ಬಾಗಿಲುಗಳು. ಇಂತಹುದೇ ಒಂದು ಬಾಗಿಲ ಮುಂದೆ ಕೆಲವು ಹುಡುಗರು ತಮ್ಮ ಗೆಳೆಯನನ್ನು ಮೆಲ್ಲನೆ ಮಲಗಿಸಿ, ಅವನ ಅಂಗಿಯ ಸುಕ್ಕನ್ನು ತಿದ್ದಿ, ತಾಯಿ ಬರುವ ಮೊದಲೇ ಮೆಟ್ಟಿಲಿಳಿದು ಓಡಿಹೋದರು.